‘ಕೆಲಸ ಸಿಕ್ತು ಅಪ್ಪಾ’

ಹೆಸರನ್ನೂ ಒಂದಷ್ಟು ಗುರುತುಗಳನ್ನೂ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಮಂಜು ಎನ್ನೋಣ. ತಿಪಟೂರು ಸೀಮೆಯ ಹುಡುಗ. ಅಪ್ಪ ತೆಂಗಿನ ತೋಟದ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದು, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಎಂಎಸ್ಸಿ ಓದಲು ಕಳಿಸಿದ್ದರು. ಅವನು ಹೋದ ಹನ್ನೊಂದನೇ ದಿನ ಅವನ ಅಕ್ಕ, ಆಪ್ತಸಲಹೆಗಾರ್ತಿಯಾದ ನನಗೆ ಫೋನ್ ಮಾಡಿದಳು. ‘ವಿಡಿಯೊ ಹಾಕೋ ಅಂದ್ರೆ ನೆಟ್ ಸರಿಯಿಲ್ಲ ಅಂತಾನೆ ಮೇಡಂ. ಇಂಗ್ಲೆಂಡಲ್ಲಿ ನೆಟ್ ಸರಿ ಇರಲ್ವಾ?’

ನನ್ನ ಮುಂದೆ ವಿಡಿಯೊ ಹಾಕಿದ. ಮಧ್ಯಾಹ್ನವಾದರೂ ಪರದೆ ಎಳೆದ ಕೋಣೆ. ಮೇಜಿನ ಮೇಲೆ ಬ್ರೆಡ್ಡಿನ ಪೊಟ್ಟಣ, ಪಕ್ಕದಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ. ಅದರ ಮುಚ್ಚಳಕ್ಕೆ ಸುತ್ತಿದ ಟೇಪ್ ಹಾಗೇ ಇತ್ತು. ನಿದ್ದೆ, ಊಟ, ಸ್ನಾನ ಎಲ್ಲ ಕೇಳಿದ ಮೇಲೆ ನೇರವಾಗಿಯೇ ಕೇಳಿದೆ: ‘ಸಾಯಬೇಕು ಅಂತ ಅನ್ನಿಸಿದೆಯಾ?’ ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಕೇಳಿದರೆ ಬಹಳ ಸಲ ಎದುರಿಗಿದ್ದವರ ಉಸಿರು ಹಗುರಾಗುತ್ತದೆ. ‘ಸಾಯೋದಲ್ಲ ಮೇಡಂ. ವಾಪಸ್ ಬರ್ಬೇಕು ಅನ್ಸುತ್ತೆ. ಬರೋಕಾಗಲ್ಲ ಅಂತಾನೂ ಗೊತ್ತು’ ಅಂದ. ಆದರೂ ಅಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮನಸ್ಸಿನ ತುರ್ತಿಗೆ ನೆರವು ಸಿಗುತ್ತದೆ, ಪ್ರಾಣಾಪಾಯವಿದ್ದರೆ 999 ಎಂದು ಹೇಳಿ, ಎರಡನ್ನೂ ಬರೆಸಿ ಗೋಡೆಗೆ ಅಂಟಿಸಲು ಹೇಳಿದೆ.

ಕೋಣೆ ಬಿಟ್ಟು ಯಾಕೆ ಹೊರಗೆ ಬರುತ್ತಿಲ್ಲ ಎಂಬುದಕ್ಕೆ ಒಂದು ಒಗ್ಗರಣೆಯ ಕಥೆ ಇತ್ತು. ಐದನೇ ರಾತ್ರಿ ಚಿತ್ರಾನ್ನಕ್ಕೆ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದ್ದಾನೆ. ಘಾಟು ಎದ್ದಿದೆ. ಮನೆಯಲ್ಲಿ ಮಾಡುವ ಹಾಗೆ, ಹೊಗೆ ಹೋಗಲಿ ಎಂದು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಕೊಟ್ಟು ತೆರೆದಿಟ್ಟಿದ್ದಾನೆ. ಅಂಥ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಇರುವುದು ಶಾಖಕ್ಕೆ ಕೂಗುವ ಯಂತ್ರ, ಹೊಗೆಗೆ ಕೂಗುವುದು ಹೊರಗಿನ ಹಾದಿಯಲ್ಲಿರುತ್ತದೆ. ಬಾಗಿಲು ಮುಚ್ಚಿ, ಕಿಟಕಿ ತೆರೆದು, ಫ್ಯಾನ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಇವನು ಹೊಗೆಯನ್ನು ತಾನೇ ಅಲಾರಂ ಹತ್ತಿರ ಕಳಿಸಿದ. ಇಡೀ ಕಟ್ಟಡದವರು ಚಡ್ಡಿ, ಚಪ್ಪಲಿಯಲ್ಲಿ ಚಳಿಗೆ ಹೊರಬಂದು ನಿಂತರು. ಯಾರೂ ಬೈಯಲಿಲ್ಲವಂತೆ. ಒಬ್ಬ ಹುಡುಗಿ ಕೆಮ್ಮುತ್ತಾ ನಕ್ಕಳಂತೆ. ಅಂದಿನಿಂದ ಬ್ರೆಡ್ಡು, ಜ್ಯಾಮು.

ಇನ್ನೊಂದು ಗೋಳು: ಪಕ್ಕದ ಕೋಣೆಯ ಹುಡುಗ ದಿನಾ ‘ಯು ಆಲ್‌ರೈಟ್?’ ಎನ್ನುತ್ತಾನೆ. ಮೊದಲ ದಿನ ಇವನು ನಿಂತು, ನಿದ್ದೆ ಬರಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಹೇಳತೊಡಗಿದರೆ ಅವನು ತಬ್ಬಿಬ್ಬಾಗಿ ಬಾಟಲಿಗೆ ನೀರು ತುಂಬಿಕೊಂಡು ಹೊರಟುಹೋದ. ‘ಕೇಳೋದು ಯಾಕೆ, ಹೋಗೋದು ಯಾಕೆ?’ ನಾನಂದೆ: ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ‘ಏನ್ ಮಂಜಣ್ಣ, ಈ ಕಡೆ?’ ಅಂದರೆ ಹೋಗುವ ಕೆಲಸವನ್ನೆಲ್ಲ ವಿವರಿಸುತ್ತೀರಾ? ‘ಹಿಂಗೇ ಬಂದೆ’ ಅಂತೀರಿ. ಅವನದೂ ಅಷ್ಟೇ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಮನೆಯ ನೆನಪು ಕಾಡುತ್ತಿದೆ ಎಂದುಕೊಂಡು, ‘ಭಾನುವಾರ ಬೆಲ್‌ಗ್ರೇವ್ ರಸ್ತೆಗೆ ಹೋಗಿಬನ್ನಿ, ಕರಿಬೇವು ತನ್ನಿ’ ಅಂದೆ. ಗೋಲ್ಡನ್ ಮೈಲ್ ಎಂದು ಕರೆಸಿಕೊಳ್ಳುವ ಬೀದಿ ಅದು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರದಬ್ಬಿದ ಗುಜರಾತಿ ಕುಟುಂಬಗಳಲ್ಲಿ ಎಷ್ಟೋ ಲೆಸ್ಟರ್‌ಗೆ ಬಂದು ನೆಲೆಸಿದವು. 2021ರ ಜನಗಣತಿಯಂತೆ ಆ ನಗರದ ನೂರಕ್ಕೆ 43 ಮಂದಿ ಏಷ್ಯಾ ಮೂಲದವರು. ‘ಮಿನಿ ಇಂಡಿಯಾ, ಮನೆ ನೆನಪೇ ಆಗಲ್ಲ’ ಎಂದು ಇವನನ್ನು ಕಳಿಸಿದ ಏಜೆಂಟೂ ಹೇಳಿದ್ದನಂತೆ. ಹೋಗಿಬಂದವನು ಇನ್ನಷ್ಟು ಕುಗ್ಗಿದ್ದ. ಅಂಗಡಿಯವರು ಗುಜರಾತಿಯಲ್ಲಿ ಕೇಳಿದರು, ಆಮೇಲೆ ಹಿಂದಿಯಲ್ಲಿ. ಇವನ ಹಿಂದಿ ಅಷ್ಟಕ್ಕಷ್ಟೇ. ‘ಬಿಳಿಯರ ಮಧ್ಯೆ ಒಂಟಿ ಅನ್ನಿಸಿದ್ರೆ ಸರಿ ಮೇಡಂ. ಅಲ್ಲಿ ಎಲ್ಲ ನಮ್ಮ ಥರಾನೇ ಇದಾರೆ, ಯಾರೂ ನಮ್ಮೋರಲ್ಲ.’ ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಸಲಹೆ ಕೊಟ್ಟದ್ದರ ಫಲ ಅದು.

ಹಾಗಾಗಿ ಮೂರನೇ ಭೇಟಿಯಲ್ಲಿ ಸಲಹೆ ಬಿಟ್ಟು ದಿನಚರಿ ಬರೆಸಿದೆ, ಗಂಟೆಗಂಟೆಗೂ. ಅದರಲ್ಲಿ ರಾತ್ರಿ ಒಂದು ಗಂಟೆಗೆ ಪ್ರತಿದಿನ ‘ಫೋನ್’ ಎಂದಿತ್ತು. ಹಾಲು ಕರೆದು ಐದೂವರೆಗೆ ಅಮ್ಮ ಮಾಡುವ ಕರೆ. ನಮ್ಮ ಐದೂವರೆ ಎಂದರೆ ಅಲ್ಲಿ ನಡುರಾತ್ರಿ ಒಂದು. ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ, ಇವನು ಹೇಳಿರಲಿಲ್ಲ. ಎದ್ದು ಕೂತು, ಗಂಟಲು ಸರಿಮಾಡಿಕೊಂಡು, ‘ತಿಂಡಿ ಆಯ್ತಮ್ಮಾ’ ಎನ್ನುತ್ತಿದ್ದ.

‘ಇನ್ನೇನೇನು ಹೇಳಿದ್ದೀರಿ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆರನೇ ದಿನ ಅಪ್ಪನಿಗೆ ‘ಕೆಲಸ ಸಿಕ್ತು ಅಪ್ಪಾ’ ಎಂದುಬಿಟ್ಟಿದ್ದ. ಅಪ್ಪ ಅದನ್ನು ಸೊಸೈಟಿಯಲ್ಲಿ, ಮಠದಲ್ಲಿ, ಬೀಗರ ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಈಗ ಸುಳ್ಳನ್ನು ನಿಜ ಮಾಡಲು, ನಗದು ಕೊಡುವ ಹೋಟೆಲೊಂದರಲ್ಲಿ ವಾರಕ್ಕೆ 35 ಗಂಟೆ ಪಾತ್ರೆ ತೊಳೆಯಲು ಸೇರುವವನಿದ್ದ. ವಿದ್ಯಾರ್ಥಿ ವೀಸಾದಲ್ಲಿ ಅವನಂಥವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಮೀರಿದರೆ ವೀಸಾಕ್ಕೇ ಕುತ್ತು.

ಅವನನ್ನು ತಿನ್ನುತ್ತಿದ್ದದ್ದು ಇದು. ತೋಟ ಅಡವಿಟ್ಟು ಕಳಿಸಿದ ಮಗನಿಗೆ ‘ಚೆನ್ನಾಗಿಲ್ಲ’ ಎನ್ನುವ ಹಕ್ಕಿಲ್ಲ ಎಂದುಕೊಂಡಿದ್ದ.

ಎಲ್ಲ ಒಟ್ಟಿಗೆ ಒಪ್ಪಿಕೊಂಡು ಅಳುವುದು ಬೇಡ ಎಂದೆ. ಮೊದಲು ಅಮ್ಮನಿಗೆ ಒಂದೇ ಮಾತು: ‘ನೀನು ಫೋನ್ ಮಾಡುವಾಗ ಇಲ್ಲಿ ರಾತ್ರಿ ಒಂದು ಗಂಟೆ.’ ಅದು ಒಪ್ಪಿಗೆಯಾದರೆ ಎರಡು ದಿನ ಬಿಟ್ಟು ಅಪ್ಪನಿಗೆ, ಸಂಜೆ ಅವರು ಪುರುಸೊತ್ತಾಗಿರುವಾಗ, ಅಕ್ಕ ಪಕ್ಕದಲ್ಲಿರುವಾಗ. ಕಾರಣ, ಸಮಜಾಯಿಷಿ ಏನೂ ಬೇಡ, ‘ಸಿಕ್ಕಿಲ್ಲ, ಹುಡುಕ್ತಿದೀನಿ’ ಅಷ್ಟೇ. ಹೋಟೆಲಿನ ಕೆಲಸಕ್ಕೆ ಹೋಗುವುದೇ ಬೇಡ. ಪ್ರತಿ ಪೌಂಡನ್ನೂ ರೂಪಾಯಿಗೆ ಗುಣಿಸುತ್ತಿದ್ದವನಿಗೆ ಆ ಲೆಕ್ಕ ಬಿಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಾಲ ಇರುವುದು ನಿಜವಲ್ಲವೇ? ವಾರಕ್ಕೊಮ್ಮೆ, ಭಾನುವಾರ ಮಾತ್ರ ಗುಣಿಸಿ ಎಂದೆ. ವೈದ್ಯರ ಬಳಿ ಹೆಸರು ನೋಂದಾಯಿಸಲು ಮಾತ್ರ ಅವನ ಲೆಕ್ಕವೇ ಸಹಾಯಕ್ಕೆ ಬಂತು. ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಸಿಕೊಂಡಿರುತ್ತಾರೆ. ‘ಕಟ್ಟಿದ ದುಡ್ಡು ವ್ಯರ್ಥ ಯಾಕೆ?’ ಅಂದೆ. ಮರುದಿನವೇ ಹೋದ. ವಿಶ್ವವಿದ್ಯಾಲಯದಲ್ಲಿ ಉಚಿತ ಆಪ್ತಸಲಹೆ ಇದ್ದೇ ಇತ್ತು, ಅಲ್ಲಿಯೂ ಒಂದು ಸಮಯ ತೆಗೆದುಕೊಂಡ.

ಆ ಕ್ಲಿನಿಕ್ಕಿನ ಹೆಂಗಸು ಕಾಗದ ಕೊಡುತ್ತಾ ‘ಮಿ ಡಕ್’ ಅಂದಳಂತೆ. ‘ಬಾತುಕೋಳಿ ಅಂದ್ಲು ಮೇಡಂ. ಬೈಗುಳಾನಾ?’ ನನಗೂ ಗೊತ್ತಿರಲಿಲ್ಲ. ಆ ‘ಆಲ್‌ರೈಟ್’ ಹುಡುಗನನ್ನೇ ಕೇಳಿ ಬಂದು ನನಗೂ ಹೇಳಿ ಎಂದೆ. ಆ ಸೀಮೆಯಲ್ಲಿ ಗಂಡು ಹೆಣ್ಣೆನ್ನದೆ ಯಾರಿಗಾದರೂ ಅಕ್ಕರೆಯಿಂದ ಹಾಗೆನ್ನುತ್ತಾರಂತೆ. ವಿವರಿಸುತ್ತಾ ಆ ಹುಡುಗ ಅರ್ಧ ಗಂಟೆ ಅಡುಗೆಮನೆಯಲ್ಲೇ ಕೂತನಂತೆ. ಚಟ್ನಿಪುಡಿ ಡಬ್ಬಿ ತೆರೆದದ್ದು ಅಂದೇ.

ಅಪ್ಪನ ಜೊತೆಗಿನ ಮಾತು ನಾವಿಬ್ಬರೂ ಹೆದರಿದ್ದ ಹಾಗೆ ಆಗಲಿಲ್ಲ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ನಾನೇನ್ ಕೇಳಿದ್ನಾ ಕೆಲ್ಸ ಸಿಕ್ತಾ ಅಂತ? ನೀನೇ ಹೇಳಿದ್ದು’ ಎಂದರಂತೆ. ಆಮೇಲೆ ಬೀಗರಿಗೆ ಏನು ಹೇಳುವುದು ಎಂದು ಸ್ವಲ್ಪ ಗೊಣಗಿದರಂತೆ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಾಲ್ಕೂವರೆ ಗಂಟೆಯ ಅಂತರ ಐದೂವರೆಯಾಗುತ್ತದೆ. ಹಾಗಾಗಿ, ಅಮ್ಮನಿಗೆ ವಿಷಯ ಹೇಳಿದ ಮೇಲೆ ಅವನ ಮಧ್ಯಾಹ್ನ ನಾಲ್ಕು ಗಂಟೆಗೆ ನಿಗದಿಯಾಗಿದ್ದ ಕರೆಯನ್ನು ಮೂರಕ್ಕೆ ಬದಲಿಸಿಕೊಂಡರು. ‘ಗಡಿಯಾರನೂ ಹಿಂದಕ್ಕೆ ಹಾಕ್ತಾರಾ?’ ಎಂದು ಅಮ್ಮ ಇನ್ನೂ ನಂಬಿಲ್ಲ. ಅಪ್ಪನದು ಒಂದೇ ಕೇಳಿಕೆ: ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಮೂರ್ತಿಯ ಮುಂದೆ ನಿಂತ ಫೋಟೊ. ಮೊದಲಾಗಿದ್ದರೆ ‘ನಾಳೆನೇ ಹೋಗ್ತೀನಿ’ ಅಂದುಬಿಡುತ್ತಿದ್ದ. ಈ ಸಲ ‘ರೈಲು ದುಬಾರಿ ಅಪ್ಪಾ, ಕಮ್ಮಿ ದುಡ್ಡಿನ ಬಸ್ ಟಿಕೆಟ್ ನೋಡ್ಕೊಂಡು ಹೋಗ್ತೀನಿ, ತಡ ಆಗುತ್ತೆ’ ಎಂದನಂತೆ.