ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆಯ ಹೊಲಿಗೆ ಯಂತ್ರಕ್ಕೆ ಬಣ್ಣ ಬೇಡ, ಎಣ್ಣೆ ಬೇಕು

ಪ್ರಶ್ನೆ: ನಮ್ಮ ಅಜ್ಜಿ ಬಳಸುತ್ತಿದ್ದ, ಕೈಯಿಂದ ತಿರುಗಿಸುವ ಸಿಂಗರ್ ಹೊಲಿಗೆ ಯಂತ್ರ ಬಹಳ ವರ್ಷಗಳಿಂದ ಅಟ್ಟದ ಮೇಲಿತ್ತು. ಈಗ ಕೆಳಗಿಳಿಸಿ ನೋಡಿದರೆ ಚಕ್ರ ಅಲುಗುವುದೇ ಇಲ್ಲ. ಕೆಳದಾರ ಸುತ್ತುವ ಬಾಬಿನ್ ದುಂಡಗಿಲ್ಲ, ಉದ್ದ ಕಡ್ಡಿಯಂತಿದೆ. ಯಂತ್ರದ ಸಂಖ್ಯೆಯ ಮುಂದೆ ಇಎಫ್ ಎಂಬ ಇಂಗ್ಲಿಷ್ ಅಕ್ಷರಗಳಿವೆ. ಎಲ್ಲವನ್ನೂ ಬಿಚ್ಚಿ ಕಪ್ಪು ಬಣ್ಣ ಹೊಡೆಸಿದರೆ ಹೊಸದರಂತಾಗುತ್ತದೆ ಎಂದು ರಿಪೇರಿಯವರು ಹೇಳುತ್ತಾರೆ. ಹಾಗೆ ಮಾಡಿಸಬಹುದೇ? ಇದರಲ್ಲಿ ಖಣದ ರವಿಕೆ ಹೊಲಿಯಬೇಕೆಂಬುದು ನನ್ನ ಆಸೆ.
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ದಯವಿಟ್ಟು ಬಣ್ಣ ಹೊಡೆಸಬೇಡಿ. ಆ ಕಪ್ಪು ಮೈಮೇಲಿರುವ ಚಿನ್ನದ ಬಣ್ಣದ ಚಿತ್ತಾರ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಸ್ಪ್ರೇ ಮಾಡಿದ ಬಣ್ಣ ಎಣ್ಣೆಯ ರಂಧ್ರಗಳಿಗೂ ಸಂದುಗಳಿಗೂ ಇಳಿದು, ಇರುವ ತೊಂದರೆಯ ಜೊತೆಗೆ ಹೊಸ ತೊಂದರೆಯನ್ನು ತರುತ್ತದೆ. ನಿಮ್ಮ ಯಂತ್ರಕ್ಕೆ ಬಂದಿರುವ ರೋಗ ಮೇಲ್ಮೈಯದಲ್ಲ, ಒಳಗಿನ ಎಣ್ಣೆ ಒಣಗಿ ಅಂಟಾಗಿರುವುದು.

ಇ ಅಕ್ಷರದಿಂದ ಆರಂಭವಾಗುವ ಜೋಡಿ ಅಕ್ಷರಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. 1880ರ ದಶಕದಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಜೋಡಿ ಅಕ್ಷರಗಳ ಈ ಸರಣಿ 1930ರ ದಶಕದ ನಡುಭಾಗದಲ್ಲಿ ಬಂದದ್ದರಿಂದ ನಿಮ್ಮ ಯಂತ್ರ ಅದಕ್ಕಿಂತ ಹಿಂದಿನದಲ್ಲ. ಉದ್ದ ಬಾಬಿನ್ ಮತ್ತು ಅದು ಒಳಗೆ ಕೂರುವ, ಬಂದೂಕಿನ ಗುಂಡಿನಾಕಾರದ ಶಟಲ್ ಇರುವುದರಿಂದ, ಶಟಲ್ ಹಿಂದಕ್ಕೂ ಮುಂದಕ್ಕೂ ತೂಗಾಡುವ 127 ಅಥವಾ 128ರ ಮಾದರಿಯೇ ಇದ್ದೀತು. ಮಾದರಿಸಂಖ್ಯೆಯ ಜೊತೆ ಕೆ ಅಕ್ಷರವಿದ್ದರೆ ಅದು ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು.

ಚಕ್ರವನ್ನು ಬಲವಂತವಾಗಿ ತಿರುಗಿಸಲು ಹೋಗಬೇಡಿ. ಮೊದಲು ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಕಂಡುಕೊಳ್ಳಬೇಕು, ಅದಕ್ಕೆ ಸುಲಭವಾದ ಕ್ರಮವಿದೆ. ಕೈಹಿಡಿಯ ಬೆರಳಿನಂಥ ತುಂಡು ಚಕ್ರದ ಅರಗಳ ನಡುವೆ ಕುಳಿತಿರುತ್ತದೆ. ಅದನ್ನು ಹೊರಗೆ ಸರಿಸಿ ಕೈಹಿಡಿಯನ್ನು ಮಾತ್ರ ತಿರುಗಿಸಿ ನೋಡಿ. ಅದು ತಿರುಗಿದರೆ ತೊಂದರೆ ಅಲ್ಲಿಲ್ಲ. ಆಮೇಲೆ ಚಕ್ರದ ನಡುವಿನ ದೊಡ್ಡ ತಿರುಪನ್ನು, ಬಾಬಿನ್ ಸುತ್ತುವಾಗ ಮಾಡುವಂತೆ, ಸಡಿಲಿಸಿ. ಈಗ ಚಕ್ರ ಸಲೀಸಾಗಿ ತಿರುಗಿ ಸೂಜಿ ಅಲುಗದಿದ್ದರೆ ಬಿಗಿತವಿರುವುದು ಒಳಗಿನ ದಂಡದಲ್ಲಿ, ಸೂಜಿಯ ಕಂಬದಲ್ಲಿ ಅಥವಾ ಶಟಲಿನ ಬಳಿ. ಚಕ್ರವೇ ತಿರುಗದಿದ್ದರೆ ಅದು ತನ್ನ ಅಚ್ಚಿಗೇ ಅಂಟಿಕೊಂಡಿದೆ.

ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಯಂತ್ರಕ್ಕೆ ಹಾಕುವ ರೂಢಿ ಬಹಳ ಹಿಂದಿನಿಂದಲೂ ಇದೆ. ಅಡುಗೆ ಎಣ್ಣೆ ಗಾಳಿಗೆ ದಪ್ಪವಾಗಿ ಕಂದುಬಣ್ಣದ ಗೋಂದಾಗುತ್ತದೆ. ಸಂಡೂರು ಕಡೆಯ ಅದಿರಿನ ಧೂಳೂ ಬೇಸಿಗೆಯ ಒಣ ಮಣ್ಣೂ ಅದಕ್ಕೆ ಸೇರಿದರೆ ಯಂತ್ರ ನಡೆಯುವಾಗ ಉಕ್ಕನ್ನೇ ಸವೆಸುತ್ತದೆ, ನಿಂತಾಗ ಸಿಮೆಂಟಿನಂತೆ ಹಿಡಿದುಬಿಡುತ್ತದೆ. ಮುಂಭಾಗದ ತಗಡನ್ನು ತೆಗೆದು ಸೂಜಿಯ ಕಂಬದ ಮೇಲೆ ಉಗುರಿನಿಂದ ಗೀರಿ ನೋಡಿ. ಜೇನಿನ ಬಣ್ಣದ ಪದರ ಎದ್ದುಬಂದರೆ ಕಾರಣ ಅದೇ.

ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫುಟ್, ಶಟಲ್ ಇವನ್ನು ಮೊದಲು ತೆಗೆದಿಡಿ. ಪ್ರತಿಯೊಂದು ಸ್ಕ್ರೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೀರಿಗೆ ತುಂಬ ಕೂರುವಷ್ಟು ಅಗಲವಿರಲಿ, ಇಲ್ಲವಾದರೆ ಜಾರಿ ಚಿತ್ತಾರವನ್ನು ಗೀಚುತ್ತದೆ. ಶಟಲ್ ಓಡಾಡುವ ಜಾಗದಲ್ಲಿಯೂ ಚಕ್ರದ ಹಿಂಬದಿಯಲ್ಲಿಯೂ ಹಳೆಯ ದಾರ ಸುತ್ತಿಕೊಂಡಿದ್ದರೆ ಚಿಮಟದಿಂದ ಎಳೆದು ತೆಗೆಯಿರಿ. ಅನಂತರ ಎಣ್ಣೆಯ ರಂಧ್ರಗಳಿಗೂ ಉಕ್ಕಿಗೆ ಉಕ್ಕು ಉಜ್ಜುವ ಪ್ರತಿಯೊಂದು ಸಂದಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆಯಗೊಟ್ಟು, ಮರುದಿನ ಚಕ್ರವನ್ನು ಮೆಲ್ಲನೆ ಹಿಂದೆ ಮುಂದೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಮತ್ತೆ ಹನಿ ಬಿಡಿ, ಮತ್ತೆ ಕಾಯಿರಿ. ಹಟ ಹಿಡಿದ ಜಾಗಕ್ಕೆ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಕೊಟ್ಟರೆ ಗೋಂದು ಕರಗುತ್ತದೆ, ಆದರೆ ಸೀಮೆಎಣ್ಣೆ ಹಸಿಯಿರುವಾಗ ಡ್ರೈಯರ್ ಹಿಡಿಯಬಾರದು. ಹತ್ತಿರದಲ್ಲಿ ಬೆಂಕಿಯೂ ಇರಕೂಡದು. ಕೆಲವರು ಸೀಮೆಎಣ್ಣೆಯಿಂದ ಯಂತ್ರ ಸಡಿಲವಾದೊಡನೆ ಕೆಲಸ ಮುಗಿಯಿತೆಂದು ಹೊಲಿಯಲು ಕೂರುತ್ತಾರೆ. ಸೀಮೆಎಣ್ಣೆ ತೊಳೆಯುತ್ತದೆಯೇ ಹೊರತು ಸವೆತವನ್ನು ತಡೆಯುವುದಿಲ್ಲ. ಅದನ್ನು ಒರೆಸಿ ತೆಗೆದು, ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆಂದೇ ಸಿಗುವ ತಿಳಿಯಾದ ಎಣ್ಣೆಯನ್ನು ಪ್ರತಿ ಸಂದಿಗೂ ಒಂದೊಂದು ಹನಿ ಹಾಕಿ, ದಾರವಿಲ್ಲದೆ ಸ್ವಲ್ಪ ಹೊತ್ತು ತಿರುಗಿಸಿ, ಕೆಳಗೆ ಹಳೆಯ ಬಟ್ಟೆ ಹಾಸಿ ಒಂದು ರಾತ್ರಿ ಬಿಡಿ.

ಚಕ್ರವನ್ನು ಕಳಚಿದ್ದರೆ ಮರಳಿ ಜೋಡಿಸುವಾಗ ಒಂದು ಸಣ್ಣ ಬಿಲ್ಲೆಯ ಮೇಲೆ ಗಮನವಿರಲಿ. ಚಕ್ರಕ್ಕೂ ನಡುವಿನ ತಿರುಪಿಗೂ ಮಧ್ಯೆ ಕೂರುವ ಈ ವಾಷರಿಗೆ ಹೊರಗಡೆ ಮೂರು ಉಬ್ಬು, ಒಳಗಡೆ ಎರಡು ಕಿವಿಗಳಿರುತ್ತವೆ. ಜೋಡಿಸಿದ ಮೇಲೆ ತಿರುಪು ಸಡಿಲಿಸಿದರೂ ಚಕ್ರದೊಡನೆ ಸೂಜಿಯೂ ಅಲುಗುತ್ತಿದ್ದರೆ, ಅಥವಾ ಎಷ್ಟು ಬಿಗಿದರೂ ಸೂಜಿ ಅಲುಗದಿದ್ದರೆ, ಯಂತ್ರ ಕೆಟ್ಟಿತೆಂದು ಹೆದರಬೇಡಿ. ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸಾಕು.

ಚಿತ್ತಾರವನ್ನು ಒರೆಸುವುದಕ್ಕೂ ಹೊಲಿಗೆ ಯಂತ್ರದ ಎಣ್ಣೆಯೇ ಮದ್ದು. ಹಳೆಯ ಧೋತರದ ಮೆತ್ತನೆಯ ತುಂಡಿಗೆ ಎಣ್ಣೆ ಹಚ್ಚಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಉಜ್ಜದೆ ನೀವುತ್ತಾ ಹೋಗಿ. ಆ ಚಿತ್ತಾರವನ್ನು ಕಾಪಾಡುವುದು ಮೇಲಿರುವ ತೆಳುವಾದ ಅರಗಿನ ಮೆರುಗು. ಸ್ಪಿರಿಟ್ ಮತ್ತು ಥಿನ್ನರ್ ಅದನ್ನು ಕರಗಿಸುತ್ತವೆ, ಸೋಪಿನ ಪುಡಿಯ ನೀರು ಚಿನ್ನದ ಬಣ್ಣವನ್ನು ಮಸುಕು ಮಾಡುತ್ತದೆ.

ಖಣದ ಬಗ್ಗೆ ಹೇಳುವುದಾದರೆ, ಮೊದಲು ಎರಡು ಪದರದ ಸಾದಾ ಹತ್ತಿ ಬಟ್ಟೆಯಲ್ಲಿ 14ನೇ ನಂಬರಿನ ಹೊಸ ಸೂಜಿಯಿಂದ ಹೊಲಿದು ನೋಡಿ. ಸೂಜಿಯ ಉದ್ದನೆಯ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಜನ ಬಾಬಿನ್ನನ್ನು ದೂರುತ್ತಾರೆ, ಆದರೆ ತಪ್ಪು ಬಹುತೇಕ ಮೇಲಿನ ದಾರದ್ದು. ಮೇಲಿನ ದಾರದ ಬಿಗಿತವನ್ನು, ಅಂದರೆ ಟೆನ್ಷನ್ನನ್ನು, ಸರಿಪಡಿಸಿ, ಶಟಲಿನ ಸ್ಕ್ರೂವನ್ನು ಕೊನೆಗೆ ಮುಟ್ಟಿ, ಅದೂ ಕಾಲು ಸುತ್ತಿಗಿಂತ ಹೆಚ್ಚಲ್ಲ. ಗುಳೇದಗುಡ್ಡದ ಖಣಕ್ಕೆ 11ನೇ ನಂಬರ್ ಸೂಜಿ ಸಾಕು. ಈ ಮಾದರಿಗಳಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಹೊಲಿಯುವ ಸೌಲಭ್ಯವಿರುವುದಿಲ್ಲ, ಆದ್ದರಿಂದ ಕೊನೆಯಲ್ಲಿ ದಾರ ಉದ್ದ ಬಿಟ್ಟು ಕೈಯಿಂದ ಗಂಟು ಹಾಕಿ.

ಪ್ರಶ್ನೆ: ನಮ್ಮಲ್ಲಿರುವ ಹಳೆಯ ಸಿಂಗರ್ ಯಂತ್ರದ ಸೂಜಿಯಲ್ಲಿ ‘ಕೆಂಪು ಪಾದರಸ’ ಇದೆ, ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ಪರೀಕ್ಷೆಯ ಖರ್ಚು ಕಳುಹಿಸಿ ಎಂದು ಫೋನಿನಲ್ಲಿ ಹೇಳುತ್ತಿದ್ದಾರೆ. ಇದು ನಿಜವೇ? ಹಾಗಾದರೆ ಹಳೆಯ ಯಂತ್ರಕ್ಕೆ ಬೆಲೆ ಬರುವುದು ಯಾವುದರಿಂದ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಹೊಲಿಗೆ ಯಂತ್ರದ ಸೂಜಿ ಉಕ್ಕಿನದು. ಅದರಲ್ಲಿ ಯಾವ ಬಣ್ಣದ ಪಾದರಸವೂ ಇರುವುದಿಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಬ್ಬಿ, ಹಳೆಯ ಸಿಂಗರ್ ಯಂತ್ರಗಳಿಗಾಗಿ ಜನ ಮುಗಿಬಿದ್ದಿದ್ದರು. ಸೂಜಿಯ ಬಳಿ ಮೊಬೈಲ್ ಹಿಡಿದಾಗ ಕರೆ ಕಡಿದುಹೋದರೆ ಪಾದರಸವಿದೆ ಎಂಬ ‘ಪರೀಕ್ಷೆ’ಯೂ ಆಗಲೇ ಹುಟ್ಟಿಕೊಂಡಿತು. ಅದೇ ಕಥೆ ಈಗ ನಿಮ್ಮ ಮನೆ ಬಾಗಿಲಿಗೆ ಬಂದಿದೆ. ಈಗಾಗಲೇ ಹಣ ಕಳುಹಿಸಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟವಾಗುತ್ತದೆ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಸಿಂಗರ್ ಕಂಪನಿ ಯಂತ್ರಗಳನ್ನು ಕೋಟಿಗಟ್ಟಲೆ ತಯಾರಿಸಿತ್ತು, ಆದ್ದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಅಪರೂಪದ್ದಾಗುವುದಿಲ್ಲ. ಚೆನ್ನಾಗಿ ಹೊಲಿಯುವ ಯಂತ್ರಕ್ಕೆ ಬೆಲೆ ಇದೆ, ಎಲ್ಲ ಭಾಗಗಳೂ ಮೂಲದವೇ ಆಗಿದ್ದು ಚಿತ್ತಾರ ಅಳಿಯದಿದ್ದರೆ ಇನ್ನಷ್ಟು ಬೆಲೆ ಇದೆ, ಅಷ್ಟೇ. ಸಂಗ್ರಹಿಸಲು ಕೊಳ್ಳುವವರು ಉದ್ದ ಬಾಬಿನ್ನಿನ ಯಂತ್ರವಾದರೆ ಶಟಲ್ ಒಳಗೇ ಇದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಅದು ಕಳೆದಿದ್ದರೆ ಬೇರೊಂದು ಹುಡುಕುವುದು ಕಷ್ಟ. ದುಂಡು ಬಾಬಿನ್ನಿನ ಯಂತ್ರಕ್ಕೆ ಆ ಚಿಂತೆಯಿಲ್ಲ. ಕೋಲ್ಕತ್ತದ ಉಷಾದಿಂದ ಹಿಡಿದು ಲುಧಿಯಾನದಲ್ಲಿ ತಯಾರಾಗುವ ಯಂತ್ರಗಳವರೆಗೆ ನಮ್ಮ ದೇಶದ ಕಪ್ಪು ಯಂತ್ರಗಳಲ್ಲಿ ಹೆಚ್ಚಿನವು ಸಿಂಗರಿನ 15ನೇ ಮಾದರಿಯ ವಿನ್ಯಾಸವನ್ನೇ ಅನುಸರಿಸಿದ್ದರಿಂದ, ಬಾಬಿನ್ ಕೇಸ್, ಟೆನ್ಷನ್ ಸ್ಪ್ರಿಂಗ್ ಮುಂತಾದವು ಊರಿನ ಬಿಡಿಭಾಗಗಳ ಅಂಗಡಿಯಲ್ಲೇ ದೊರೆಯುತ್ತವೆ. ದಿನವೂ ಹೊಲಿಯಬೇಕೆನ್ನುವವರಿಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.

ಪ್ರಶ್ನೆ: ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಕೌದಿ ಹೊಲಿಯಬಹುದೇ? ಮೋಟಾರ್ ಹಾಕಿಸಿದರೆ ಅನುಕೂಲವೇ? ಈಗಲೇ ತುಳಿಯುವುದು ಬಹಳ ಭಾರವಾಗಿದೆ.
– ಓದುಗರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಮೂರು ನಾಲ್ಕು ಪದರ ಹಳೆಯ ಸೀರೆಯ ತೆಳುವಾದ ಕೌದಿಯಾದರೆ 16 ಅಥವಾ 18ನೇ ನಂಬರ್ ಸೂಜಿ ಹಾಕಿ, ಹೊಲಿಗೆಯನ್ನು ಉದ್ದ ಮಾಡಿಕೊಂಡು, ದಪ್ಪ ಅಂಚು ಬಂದಾಗ ಚಕ್ರವನ್ನು ಕೈಯಿಂದಲೇ ತಿರುಗಿಸಿ ದಾಟಿಸಬಹುದು. ಅದಕ್ಕಿಂತ ದಪ್ಪನೆಯ ಕೌದಿಗೆ ಕೈಹೊಲಿಗೆಯೇ ಸರಿ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಬಳಸುವ ಸೂಜಿಗಳನ್ನು ತಂದು ಹಾಕಬೇಡಿ; ಅವುಗಳ ಬುಡ ಪೂರ್ತಿ ದುಂಡಗಿದ್ದು, ಒಂದು ಬದಿ ಚಪ್ಪಟೆಯಿರುವ ಮನೆಯ ಯಂತ್ರದ ಸೂಜಿಯ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ.

ಮೋಟಾರ್ ಈ ಕೆಲಸಕ್ಕೆ ಬೇಡವೆಂದೇ ಹೇಳುವೆ. ದಪ್ಪ ಬಟ್ಟೆಗೆ ಬೇಕಾದದ್ದು ವೇಗವಲ್ಲ, ಒಂದೊಂದು ಹೊಲಿಗೆಯ ಮೇಲೂ ಇರುವ ಹಿಡಿತ. ಕಾಲು ಅದನ್ನು ಕೊಡುತ್ತದೆ. ತುಳಿಯುವುದು ಭಾರವಾಗಲು ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಯಂತ್ರಕ್ಕೆ ಎಣ್ಣೆ ಹಾಕುವವರು ಕೆಳಗಿನ ಎರಕದ ಸ್ಟ್ಯಾಂಡನ್ನು ಮರೆಯುತ್ತಾರೆ. ಪೆಡಲಿನ ಎರಡೂ ತುದಿಗಳಿಗೆ, ದೊಡ್ಡ ಗಾಲಿಯ ನಡುವಿಗೆ, ಪೆಡಲಿನಿಂದ ಗಾಲಿಗೆ ಹೋಗುವ ಕೋಲಿನ ಮೇಲ್ತುದಿಗೆ ಎಣ್ಣೆ ಹಾಕಿ. ಇನ್ನೊಂದು, ಬೆಲ್ಟ್ ಅತಿಯಾಗಿ ಬಿಗಿಯಿರುವುದು. ಬೆಲ್ಟ್ ಜಾರದೆ ಚಕ್ರವನ್ನು ಎಳೆದರೆ ಸಾಕು. ಚರ್ಮದ ಬೆಲ್ಟ್ ಬಳಸುತ್ತಾ ಹಿಗ್ಗಿ ಸಡಿಲವಾದಾಗ ತಂತಿಯ ಕೊಕ್ಕೆ ತೆಗೆದು, ಅರ್ಧ ಇಂಚಿಗಿಂತ ಕಡಿಮೆ ಕತ್ತರಿಸಿ, ಹೊಸ ತೂತು ಕೊರೆದು, ಕೊಕ್ಕೆಯನ್ನು ಮತ್ತೆ ಮಡಚಿ. ಕೊಕ್ಕೆಯ ಮೊನೆ ಹೊರಗಿನ ಮಗ್ಗುಲಿಗಿದ್ದರೆ ಗಾಲಿಗೆ ತಾಗಿ ಟಕಟಕ ಸದ್ದು ಬರುವುದಿಲ್ಲ.