ಮನೆಯ ಜೇಡಗಳನ್ನು ಔಷಧಿ ಹೊಡೆಯದೆ ದೂರವಿಡುವ ಬಗ್ಗೆ

ಮಂಡ್ಯದ ಹೊರವಲಯದ ಹೊಸ ಮನೆಯ ಗೋಡೆಗಳಲ್ಲಿ ದೊಡ್ಡ ಜೇಡಗಳು ಕಾಣಿಸುತ್ತಿವೆ, ಪಕ್ಕದ ಮನೆಯವರ ಕುತ್ತಿಗೆಯ ಮೇಲೆ ಜೇಡದಿಂದ ಗುಳ್ಳೆಗಳೆದ್ದಿವೆ, ಅಂಬೆಗಾಲಿಡುವ ಮಗುವಿರುವುದರಿಂದ ಕೀಟನಾಶಕವಿಲ್ಲದ ದಾರಿ ಬೇಕು ಎಂದು ಕೇಳಿದ್ದೀರಿ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಬದಿಯ ಗದ್ದೆ ಬಯಲಿನಲ್ಲಿ ಬಹುಕಾಲದಿಂದ ವಾಸವಾಗಿರುವ ನನಗೆ ನಿಮ್ಮ ಆತಂಕ ಚೆನ್ನಾಗಿ ಅರ್ಥವಾಗುತ್ತದೆ.

ಬಹುತೇಕ ಎಲ್ಲ ಜೇಡಗಳಲ್ಲೂ ವಿಷವಿರುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಅದು ಕೀಟಗಳನ್ನು ಕೊಲ್ಲಲು ಸಾಕಾಗುವಷ್ಟು ಮಾತ್ರ. ನೀವು ವರ್ಣಿಸಿರುವ, ಬಲೆ ನೇಯದೆ ರಾತ್ರಿ ಗೋಡೆಯ ಮೇಲೆ ಓಡಾಡುವ, ಅಂಗೈ ಅಗಲದ ಚಪ್ಪಟೆ ಕಂದು ಜೇಡ ಹಂಟ್ಸ್‌ಮನ್ ಜಾತಿಯದು. ಅದು ಜಿರಳೆಗಳನ್ನು ಹಿಡಿದು ತಿನ್ನುತ್ತದೆ. ಕೈಯಲ್ಲಿ ಒತ್ತಿ ಹಿಡಿದರೆ ಕಚ್ಚಿ ನೋಯಿಸಬಹುದೇ ಹೊರತು ಪ್ರಾಣಾಪಾಯವಿಲ್ಲ. ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಮರದ ಪೊಟರೆಗಳಲ್ಲಿ ಅಡಗುವ ರೋಮಭರಿತ ದೊಡ್ಡ ಜೇಡಗಳ ಬಗ್ಗೆ. ಇವುಗಳಲ್ಲಿ ಒಂದಕ್ಕೆ 'ಮೈಸೂರು ಆರ್ನಮೆಂಟಲ್' ಎಂದೇ ಹೆಸರಿದ್ದು, ಈ ಗುಂಪಿನ ಜೇಡಗಳು ಕಚ್ಚಿದರೆ ತೀವ್ರ ನೋವು ಮತ್ತು ಸ್ನಾಯು ಸೆಳೆತ ಉಂಟಾಗುತ್ತದೆ.

ನೆರೆಯವರ ಗುಳ್ಳೆಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾಡದ ತಪ್ಪಿಗೆ ಜೇಡ ಹೊಣೆಯಾಗುವುದು ಇಲ್ಲಿಯೇ. ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ ಎಂಬ ಮಾತು ನಮ್ಮ ಕಡೆ ಇದೆ, ಆದರೆ ಇಂತಹ ಗುಳ್ಳೆಗಳಿಗೆ ಸಾಮಾನ್ಯವಾಗಿ ಕಾರಣ ಜೇಡವಲ್ಲ, ಬೇರೊಂದು ಕೀಟ. ಭತ್ತದ ಗದ್ದೆಗಳಲ್ಲಿ ಪೀಡೆರಸ್ ಎಂಬ, ದೊಡ್ಡ ಇರುವೆಯಂತೆ ಕಾಣುವ ಕಿತ್ತಳೆ-ಕಪ್ಪು ಬಣ್ಣದ ಕೀಟವಿದ್ದು, ಮಳೆಗಾಲದ ರಾತ್ರಿಗಳಲ್ಲಿ ದೀಪದ ಬೆಳಕಿಗೆ ಹಾರಿ ಬರುತ್ತದೆ. ಮೈಮೇಲೆ ಕುಳಿತದ್ದನ್ನು ತಿಳಿಯದೆ ಉಜ್ಜಿದಾಗ ಅದರ ದೇಹದ್ರವ ಚರ್ಮಕ್ಕೆ ತಗುಲಿ, ಒಂದೆರಡು ದಿನಗಳಲ್ಲಿ ಸುಟ್ಟಂತಹ ಗೀರುಗಳೂ ಗುಳ್ಳೆಗಳೂ ಏಳುತ್ತವೆ. ಆದ್ದರಿಂದ ಅಂತಹ ಕೀಟವನ್ನು ಹೊಸಕದೆ ಊದಿ ಹಾರಿಸಿ, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಎರಡೂ ತೊಂದರೆಗಳ ಮೂಲ ಒಂದೇ: ಬೆಳಕು. ಬಾಗಿಲ ಬಳಿಯ ಬಿಳಿ ಟ್ಯೂಬ್‌ಲೈಟಿಗೆ ಹುಳಗಳು ಬರುತ್ತವೆ, ಆ ಹುಳಗಳಿಗಾಗಿ ಜೇಡಗಳು ಬರುತ್ತವೆ. ನಾವು ಜಗುಲಿಗೆ ಹಳದಿ ಬಲ್ಬು ಹಾಕಿ, ಕಿಟಕಿಗಳಿಗೆ ಸೊಳ್ಳೆ ಪರದೆ ಬಡಿಸಿ, ಬಾಗಿಲ ಕೆಳಗಿನ ಸಂದನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿದ ಮೇಲೆ ಒಳಗೆ ಬರುವ ಜೇಡಗಳು ಎಷ್ಟೋ ಕಡಿಮೆಯಾದವು. ಗೋಡೆಗೆ ಒರಗಿಸಿಟ್ಟ ಸೌದೆ, ತೆಂಗಿನ ಮಟ್ಟೆ, ಕಬ್ಬಿನ ತರಗು ಇವನ್ನೆಲ್ಲ ಹಿತ್ತಲಿನ ಅಂಚಿಗೆ ಸಾಗಿಸಿ. ಸಾಗಿಸುವಾಗ ಬರಿಗೈ ಹಾಕಬೇಡಿ. ವಾರಕ್ಕೊಮ್ಮೆ ಉದ್ದನೆಯ ಪೊರಕೆಯಿಂದ ಬಲೆ ತೆಗೆಯುವಾಗ ಮೊಟ್ಟೆಚೀಲಗಳನ್ನೂ ತೆಗೆಯಿರಿ, ಏಕೆಂದರೆ ಒಂದು ಚೀಲದಲ್ಲಿ ನೂರಾರು ಮರಿಗಳಿರಬಹುದು.

ಜೇಡಗಳನ್ನು ಓಡಿಸಲು ನಿಂಬೆರಸ ಸಿಂಪಡಿಸಿ ಎಂದು ಕೆಲವರು ಕೊಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪುದೀನ ಎಣ್ಣೆಯಿಂದ ಕೆಲವು ಜೇಡಗಳು ದೂರ ಸರಿದರೂ ನಿಂಬೆ ಎಣ್ಣೆ ಪರಿಣಾಮ ಬೀರಲಿಲ್ಲ. ಪುದೀನ ಎಣ್ಣೆಯ ವಾಸನೆಯೂ ಬೇಗ ಆರುತ್ತದೆ, ಮೇಲಾಗಿ ಮಗುವಿನ ಕೈಗೆ ಅದು ಸಿಗಬಾರದು. ಒಳಗೆ ಬಂದ ಜೇಡದ ಮೇಲೆ ಲೋಟ ಕವುಚಿ, ಅಡಿಯಲ್ಲಿ ದಪ್ಪ ಕಾಗದ ತೂರಿಸಿ ಹೊರಗೆ ಬಿಡುವುದೇ ಮೇಲು.

ಒಂದು ವೇಳೆ ಕಚ್ಚಿದರೆ ಸೋಪು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣ ಹಚ್ಚುವುದು, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಸೆಳೆತ, ವಿಪರೀತ ಬೆವರು, ಉಸಿರಾಟದ ತೊಂದರೆ ಕಂಡರೆ, ಅಥವಾ ಕಚ್ಚಿಸಿಕೊಂಡದ್ದು ಮಗುವೇ ಆದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಾಧ್ಯವಾದರೆ ಜೇಡದ ಫೋಟೊ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.