ಎರಡು ದಿನದ ಮುಂಬೈ ನೋಡೋದಕ್ಕೆ ಎಲ್ಲಿಂದ ಶುರು ಮಾಡಬೇಕು?

ಅಪ್ಪ ಅಮ್ಮನನ್ನು ಕರೆದುಕೊಂಡು ಎರಡು ದಿನಕ್ಕೆ ಮುಂಬೈಗೆ ಬರುತ್ತಿದ್ದೀರಿ, ಎಲ್ಲರೂ ಹೇಳುವ ಮರೀನ್ ಡ್ರೈವ್, ನಟರ ಮನೆಗಳು ಬಿಟ್ಟು ನೋಡಲೇಬೇಕಾದದ್ದು ಏನಿದೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಹುಟ್ಟಿ ಬೆಳೆದವಳು. ನನ್ನ ಮಾತು ಕೇಳುವುದಾದರೆ ಪೂರ್ವದ ಕಡೆಯ ಸಮುದ್ರದಿಂದ ಶುರು ಮಾಡಿ. ಮರೀನ್ ಡ್ರೈವ್, ಹಾಜಿ ಅಲಿ, ಜುಹು ಎಲ್ಲ ಇರುವುದು ಪಶ್ಚಿಮಕ್ಕೆ. ಬಂದರು ಇರುವುದು ಪೂರ್ವಕ್ಕೆ. ಏಳು ಪುಟ್ಟ ದ್ವೀಪಗಳಾಗಿದ್ದ ಊರು ಇಷ್ಟು ದೊಡ್ಡದಾಗಿದ್ದು ಆ ಬಂದರಿನಿಂದಲೇ.

ಮೊದಲ ದಿನ ಬೆಳಿಗ್ಗೆ ಬೇಗ ಗೇಟ್‌ವೇ ಆಫ್ ಇಂಡಿಯಾ ಕಮಾನಿಗೆ ಹೋಗಿ ಗುಹಾ ದೇವಾಲಯಗಳಿರುವ ಎಲಿಫೆಂಟಾ ದ್ವೀಪದ ಬೋಟು ಹತ್ತಿ. ಸುಮಾರು ಒಂದು ಗಂಟೆಯ ದಾರಿ. ಆ ಒಂದು ಗಂಟೆ ಮೊಬೈಲ್ ನೋಡುತ್ತಾ ಕೂರಬೇಡಿ. ಲಂಗರು ಹಾಕಿ ನಿಂತ ಸರಕು ಹಡಗುಗಳು, ನೌಕಾಪಡೆಯ ಹಡಗುಗಳು, ಜವಾಹರ್ ದ್ವೀಪದ ಜೆಟ್ಟಿಗೆ ಎಣ್ಣೆ ತರುವ ಟ್ಯಾಂಕರ್‌ಗಳು ದಾರಿಯುದ್ದಕ್ಕೂ ಸಿಗುತ್ತವೆ. ಬೋಟು ಹೊರಟ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ. ಗೇಟ್‌ವೇ ಕಟ್ಟಿದ್ದೇ ಸಮುದ್ರದಿಂದ ಬರುವವರ ಕಣ್ಣಿಗಾಗಿ, ಅದನ್ನು ನೋಡಬೇಕಾದದ್ದೂ ಅಲ್ಲಿಂದಲೇ. 1911ರಲ್ಲಿ ಐದನೇ ಜಾರ್ಜ್ ಇಲ್ಲಿ ಬಂದಿಳಿದ ನೆನಪಿಗೆ ಶುರುವಾದ ಕಟ್ಟಡ ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದೇ ಕಮಾನಿನಡಿ ನಡೆದು ದೇಶ ಬಿಟ್ಟಿತು. ಪಕ್ಕದ ತಾಜ್ ಹೋಟೆಲ್ ಇದಕ್ಕಿಂತ ಹಳೆಯದು, 1903ರದ್ದು.

ಎಲಿಫೆಂಟಾ ದ್ವೀಪದ ಊರ ಹೆಸರು ಘಾರಾಪುರಿ. ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆಯುತ್ತಾ, ಅವನು ಮದ್ದಾನೆಗಳ ಸಾಲಿನಂಥ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಲಕ್ಷ್ಮಿಯಾದ 'ಪುರಿ'ಯನ್ನು ಮುತ್ತಿದ ಅನ್ನುತ್ತಾನೆ. ಆ ಪುರಿ ಇದೇ ದ್ವೀಪ ಅನ್ನುವುದು ಹಲವು ಇತಿಹಾಸಕಾರರ ಅಭಿಪ್ರಾಯ. ಅದು ತಲೆಯಲ್ಲಿದ್ದರೆ ಬೋಟಿನಲ್ಲಿ ಕೂತಾಗ ಮೈ ಜುಮ್ಮೆನ್ನುತ್ತದೆ. ಗುಹೆಯೊಳಗಿನ ಮೂರು ಮುಖದ ಸದಾಶಿವನ ಶಿಲ್ಪ ಸುಮಾರು 20 ಅಡಿ ಎತ್ತರ. ನಿಮ್ಮ ಎಡಕ್ಕೆ ಉಗ್ರವಾದ ಅಘೋರ ಮುಖ, ಬಲಕ್ಕೆ ಸೌಮ್ಯವಾದ ವಾಮದೇವ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಗೈಡ್ ಅವಸರ ಮಾಡಿದರೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೇಲೆ ಹೋಗಲು ನೂರಕ್ಕೂ ಜಾಸ್ತಿ ಮೆಟ್ಟಿಲಿವೆ. ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಹೊತ್ತು ಕರೆದೊಯ್ಯುವ ಕುರ್ಚಿ ಸಿಗುತ್ತದೆ, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಸೋಮವಾರ ಗುಹೆ ಮುಚ್ಚಿರುತ್ತದೆ. ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಡಲು ಕಾರಣವಾದ ಕಲ್ಲಾನೆ ಮಾತ್ರ ಈಗ ಅಲ್ಲಿಲ್ಲ, ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ.

ವಾಪಸ್ ಬಂದು ವಿಶ್ರಾಂತಿ ತೆಗೆದುಕೊಂಡು, ದೀಪ ಹತ್ತಿದ ಮೇಲೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ ನಿಲ್ದಾಣ ನೋಡಿ. ಎದುರಿನ ಪಾಲಿಕೆ ಕಟ್ಟಡವೂ ಅದೇ ವಾಸ್ತುಶಿಲ್ಪಿ ಸ್ಟೀವನ್ಸ್ ಅವರದ್ದು.

ಎರಡನೇ ದಿನ ಓವಲ್ ಮೈದಾನ. ಒಂದು ಬದಿಗೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಇನ್ನೊಂದು ಬದಿಗೆ ಆರ್ಟ್ ಡೆಕೋ ಅನ್ನುವ, ಇಪ್ಪತ್ತನೇ ಶತಮಾನದ ಶೈಲಿಯ ಮನೆಗಳು. 2018ರಲ್ಲಿ ಇವೆಲ್ಲ ಸೇರಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಗೋಪುರಕ್ಕೆ ಹಣ ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್, ಹೆಸರು ಅವರ ತಾಯಿಯದ್ದು. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತುಹೋಯಿತು. ಬಾಂಬೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಅದರಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಘಟ್ಟ ಇಳಿದು ಕುಮಟಾದಿಂದ ಹಡಗಿನಲ್ಲಿ ಬರುತ್ತಿದ್ದ ಅದಕ್ಕೆ ಇಲ್ಲಿನ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು. ಹಾಗಾಗಿ ಈ ಊರಿನ ವೈಭವ ನೋಡುವಾಗ ನಮ್ಮ ರೈತರನ್ನೂ ನೆನೆಯಬೇಕು ಅನ್ನಿಸುತ್ತದೆ ನನಗೆ.

ಬಾಂದ್ರಾ-ವರ್ಲಿ ನಡುವಿನ ಸಮುದ್ರ ಸೇತುವೆಯಾದ ಸೀ ಲಿಂಕ್‌ಗೆ ಅಂತ ಬೇರೆ ಸಮಯ ಇಡಬೇಡಿ, ಟ್ಯಾಕ್ಸಿಯಲ್ಲಿ ದಾಟಿದರೆ ಸಾಕು. ಮಧ್ಯಾಹ್ನದ ಊಟಕ್ಕೆ ಮಾಟುಂಗಾಕ್ಕೆ ಬನ್ನಿ. ಸ್ಟೇಷನ್ ಹತ್ತಿರದ ರಾಮ ನಾಯಕ್ ಅವರ ಉಡುಪಿ ಬೋರ್ಡಿಂಗ್ 1942ರಿಂದ ನಡೆಯುತ್ತಿದೆ. ಬಾಳೆ ಎಲೆ ಊಟ ಕೇಳಿ, ಅಮ್ಮನಿಗೆ ಖಂಡಿತ ಹಿಡಿಸುತ್ತದೆ.

ಯಾವ ತಿಂಗಳು ಬರುತ್ತೀರಿ ಅಂತ ಬರೆದಿಲ್ಲ. ಮಳೆಗಾಲವಾದರೆ ಸಮುದ್ರ ಜೋರಾದ ದಿನ ಬೋಟು ಬಿಡುವುದಿಲ್ಲ. ಆಗ ಬೊರಿವಲಿಯ ಕಾಡಿನೊಳಗಿನ ಕನ್ಹೇರಿ ಗುಹೆಗಳಿಗೆ ಹೋಗಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಶಾಸನಗಳೂ ಇವೆ. ಮಳೆಯಲ್ಲಿ ಬಂಡೆಗಳ ಮೇಲೆ ನೀರು ಹರಿಯುವುದು ನೋಡಲು ಬಹಳ ಚೆಂದ, ಆದರೆ ಕಾಲು ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ. ಅಲ್ಲಿಗೂ ಸೋಮವಾರ ರಜೆ.